ದರ ಗುಣಿಸು ಚದರಡಿ: ಲೆಕ್ಕ ಅಷ್ಟೇನಾ?

ಪ್ರಶ್ನೆ: 1,200 ಚದರಡಿಯ ಮನೆ ಕಟ್ಟಿಸಬೇಕೆಂದಿದ್ದೇವೆ. ಗುತ್ತಿಗೆದಾರರು ಹೇಳಿದ ಚದರಡಿ ದರವನ್ನು 1,200ರಿಂದ ಗುಣಿಸಿ, ಮುಕ್ಕಾಲು ಪಾಲಿಗೆ ಸಾಲ, ಉಳಿದದ್ದು ಕೈಯಿಂದ ಎಂದು ಲೆಕ್ಕ ಹಾಕಿದ್ದೇವೆ. ಸರಿಯೇ?

ಉತ್ತರ: ಗುಣಾಕಾರ ಸರಿ ಇದೆ. ಆದರೆ ಬಂದ ಮೊತ್ತ ಗುತ್ತಿಗೆದಾರರ ಬಿಲ್ಲೇ ಹೊರತು ನಿಮ್ಮ ಮನೆಯ ಪೂರ್ತಿ ಖರ್ಚಲ್ಲ. ಬಿಲ್ಲಾದರೂ ಅಷ್ಟಕ್ಕೇ ನಿಲ್ಲಬೇಕಾದರೆ, ಆ 1,200 ಚದರಡಿಯನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ ಎಂಬುದು ಮೊದಲು ಇತ್ಯರ್ಥವಾಗಬೇಕು. ಬಾಲ್ಕನಿ, ಪೋರ್ಟಿಕೊ, ತಾರಸಿಯ ಮೇಲಿನ ಮೆಟ್ಟಿಲ ಕೋಣೆ ಇವನ್ನು ಕೆಲವರು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಾರೆ, ಕೆಲವರು ಅರ್ಧ. ಕರಾರಿಗೆ ಸಹಿ ಹಾಕುವ ಮೊದಲೇ ನಕ್ಷೆಯ ಒಂದು ಪ್ರತಿಯಲ್ಲಿ ಯಾವುದು ಪೂರ್ತಿ, ಯಾವುದು ಅರ್ಧ, ಯಾವುದು ಇಲ್ಲ ಎಂದು ಬಣ್ಣ ಹಚ್ಚಿಸಿ ಇಬ್ಬರೂ ಸಹಿ ಮಾಡಿ.

ಚದರಡಿ ದರದ ಹೊರಗೆ ಸಾಮಾನ್ಯವಾಗಿ ಉಳಿಯುವ ಬಾಬ್ತುಗಳು ಇವು: ನಿವೇಶನದ ಮಣ್ಣು ತುಂಬಿಸುವುದು ಅಥವಾ ತೆಗೆಸುವುದು, ನೀರಿನ ಸಂಪು, ಸೆಪ್ಟಿಕ್ ಟ್ಯಾಂಕ್, ಕಾಂಪೌಂಡ್ ಗೋಡೆ, ಗೇಟು, ನಕ್ಷೆ ಮಂಜೂರಾತಿ, ನೀರು ಮತ್ತು ವಿದ್ಯುತ್ ಸಂಪರ್ಕದ ಶುಲ್ಕ, ವಿನ್ಯಾಸಕಾರರ ಫೀಸು, ಅಡುಗೆಮನೆಯ ಕಪಾಟು, ವಾರ್ಡ್‌ರೋಬ್, ಫ್ಯಾನು, ದೀಪ, ಗೀಸರ್. ಒಂದೊಂದೂ ಸಣ್ಣದೇ, ಕೂಡಿಸಿದಾಗ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಅಂದಾಜಿಗೆ ಸಿಗದ್ದು ಪಾಯ. ದರ ಹೇಳುವಾಗ ಗುತ್ತಿಗೆದಾರರು ಒಂದು ಆಳವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ, ಗಟ್ಟಿ ನೆಲ ಅದಕ್ಕಿಂತ ಕೆಳಗೆ ಸಿಕ್ಕರೆ ಹೆಚ್ಚುವರಿ ಬಿಲ್ಲು ಬರುತ್ತದೆ. ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರುಕು ಬಿಡುವ ಜೇಡಿ ಮಣ್ಣಿದ್ದರೆ ಪಾಯದ ವಿನ್ಯಾಸವೇ ಬೇರೆಯಾಗಬೇಕು. ಆದ್ದರಿಂದ ದರ ಕೇಳುವುದಕ್ಕೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಅದರ ಖರ್ಚು ಇಡೀ ಮನೆಯ ಲೆಕ್ಕದಲ್ಲಿ ಕಣ್ಣಿಗೂ ಬೀಳದಷ್ಟು.

ಇನ್ನು ಸಾಲ. ಮಂಜೂರಾದ ಮೊತ್ತವನ್ನು ಬ್ಯಾಂಕು ಒಟ್ಟಿಗೆ ಕೊಡುವುದಿಲ್ಲ. ಮೊದಲು ನಿಮ್ಮ ಪಾಲು ಹಾಕಿ ಎನ್ನುತ್ತದೆ, ಆಮೇಲೆ ಒಂದೊಂದು ಹಂತ ಮುಗಿದು ಅವರ ಇಂಜಿನಿಯರ್ ನೋಡಿಹೋದ ಮೇಲೆ ಕಂತು ಬಿಡುತ್ತದೆ. ಅಂದರೆ ಕೆಲಸ ಮುಂದೆ, ದುಡ್ಡು ಹಿಂದೆ. ನಡುವಿನ ವಾರಗಳಲ್ಲಿ ಕೂಲಿ ಮತ್ತು ಸಾಮಾನಿಗೆ ಕೈಯಲ್ಲಿ ಹಣ ಇಲ್ಲದಿದ್ದರೆ ಮೇಸ್ತ್ರಿ ತನ್ನ ತಂಡವನ್ನು ಬೇರೆ ಸೈಟಿಗೆ ಕರೆದೊಯ್ಯುತ್ತಾನೆ; ಹೋದ ತಂಡ ಕರೆದ ಕೂಡಲೇ ಬರುವುದಿಲ್ಲ. ಬಿಡುಗಡೆಯಾದ ಹಣಕ್ಕೆ ಬಡ್ಡಿ ಅಂದಿನಿಂದಲೇ ಶುರು, ಈಗಿರುವ ಮನೆಯ ಬಾಡಿಗೆಯೂ ನಿಲ್ಲುವುದಿಲ್ಲ. ಹತ್ತು ತಿಂಗಳ ಕೆಲಸ ಹದಿನಾಲ್ಕಕ್ಕೆ ಹೋದರೆ ನಾಲ್ಕು ತಿಂಗಳ ಬಾಡಿಗೆ ಮತ್ತು ಬಡ್ಡಿ ಎರಡೂ ಹೆಚ್ಚುವರಿ. ಇದನ್ನು ಅಂದಾಜು ಪಟ್ಟಿಯಲ್ಲಿ ಬರೆಯುವವರು ಕಡಿಮೆ. ಎಲ್ಲ ಬಾಬ್ತು ಕೂಡಿಸಿದ ಮೇಲೆ ಶೇ 10ರಿಂದ 15ರಷ್ಟು ಮೀಸಲು ಇಡಿ. ಮೀಸಲು ಇಡಲು ಆಗದಿದ್ದರೆ ಅಳತೆ ಕಡಿಮೆ ಮಾಡಿ. ನಕ್ಷೆಯಲ್ಲಿ ಒಂದು ಕೋಣೆ ಬಿಡುವುದು ಕಷ್ಟವಲ್ಲ, ಅರ್ಧ ಎದ್ದ ಗೋಡೆಯನ್ನು ಬಿಡುವುದು ಕಷ್ಟ.

ಪ್ರಶ್ನೆ: ಮುಂಗಡವಾಗಿ ಶೇ 25, ಮೋಲ್ಡ್ (ಚಾವಣಿಯ ಕಾಂಕ್ರೀಟ್) ಹೊತ್ತಿಗೆ ಒಟ್ಟು ಶೇ 80 ಕೊಡಬೇಕೆಂದು ಗುತ್ತಿಗೆದಾರರು ಕೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಬೇಡ. ಮೋಲ್ಡ್ ಬಿದ್ದಾಗ ಮನೆ ಮುಗಿದಂತೆ ಕಾಣುತ್ತದೆ, ಆದರೆ ಖರ್ಚಿನ ಸರಿಸುಮಾರು ಅರ್ಧ ಇನ್ನೂ ಮುಂದಿರುತ್ತದೆ: ಗಾರೆ, ವೈರಿಂಗ್, ಪ್ಲಂಬಿಂಗ್, ನೆಲ, ಬಾಗಿಲು, ಕಿಟಕಿ, ಬಣ್ಣ. ಅಷ್ಟರಲ್ಲಿ ಶೇ 80 ಕೈಸೇರಿದವರಿಗೆ ಉಳಿದ ಕೆಲಸದಲ್ಲಿ ಲಾಭವೇ ಇರುವುದಿಲ್ಲ. ಕೆಲಸ ನಿಧಾನವಾಗುವುದು ಅಲ್ಲಿಂದಲೇ.

ಒಂದು ಮಾದರಿ ಹೀಗಿರಬಹುದು: ಮುಂಗಡ ಶೇ 5, ಪ್ಲಿಂತ್ (ಪಾಯದಿಂದ ಮನೆಯ ನೆಲಮಟ್ಟದವರೆಗಿನ ಕಟ್ಟು) ಮುಗಿದಾಗ 15, ಲಿಂಟೆಲ್ (ಬಾಗಿಲು ಕಿಟಕಿಯ ಮೇಲಿನ ಅಡ್ಡತೊಲೆ) ಮಟ್ಟಕ್ಕೆ 10, ಮೋಲ್ಡ್ ಆದಮೇಲೆ 20, ಗಾರೆ ಮತ್ತು ಗೋಡೆಯೊಳಗಿನ ಪೈಪುಗಳಿಗೆ 15, ನೆಲ ಹಾಗೂ ಬಾಗಿಲು ಕಿಟಕಿಗೆ 20, ಬಣ್ಣ ಮತ್ತು ಫಿಟ್ಟಿಂಗ್‌ಗೆ 10. ಕೊನೆಯ 5 ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತು ಹಾಕಿ. ಪ್ರತಿ ಕಂತೂ ಆ ಹಂತ ಮುಗಿದ ಮೇಲೆ, ಶುರುವಾಗುವಾಗ ಅಲ್ಲ. ಸಣ್ಣ ಗುತ್ತಿಗೆದಾರರಿಗೆ ಸಾಮಾನು ತರಲು ನಿಜವಾಗಿಯೂ ಬಂಡವಾಳ ಇಲ್ಲದಿದ್ದರೆ ಮುಂಗಡ ಏರಿಸುವ ಬದಲು ಸಿಮೆಂಟು, ಕಂಬಿಯ ಬಿಲ್ಲನ್ನು ನೀವೇ ಅಂಗಡಿಗೆ ಕಟ್ಟಿ ಅವರ ಕಂತಿನಲ್ಲಿ ಮುರಿದುಕೊಳ್ಳಿ.

ಕರಾರಿನಲ್ಲಿ ‘ಉತ್ತಮ ಗುಣಮಟ್ಟದ’ ಎಂಬ ಪದವನ್ನು ಹೊಡೆದು ಹಾಕಿ, ಅದಕ್ಕೆ ಅರ್ಥವಿಲ್ಲ. ಆ ಜಾಗದಲ್ಲಿ ಕಂಪನಿಯ ಹೆಸರು, ದರ್ಜೆ, ದಪ್ಪ ಬರೆಸಿ. ಟೈಲ್ಸ್‌ಗೆ ಚದರಡಿಗೆ ಎಷ್ಟರವರೆಗೆ ಎಂಬ ಮಿತಿ, ಹೆಚ್ಚುವರಿ ಕೆಲಸದ ದರ, ಕೆಲಸ ಕಡಿಮೆಯಾದರೆ ಕಳೆಯುವ ದರ ಮೂರೂ ಬೇಕು. ಮೂರನೆಯದನ್ನು ಯಾರೂ ತಾವಾಗಿ ಬರೆಯುವುದಿಲ್ಲ.

ಪ್ರಶ್ನೆ: ಸಾಮಾನು ನಾವೇ ತರಿಸಿ ಕೂಲಿ ಗುತ್ತಿಗೆ ಮಾತ್ರ ಕೊಟ್ಟರೆ ಉಳಿತಾಯವಾಗುತ್ತದೆಯೇ?

ಉತ್ತರ: ಸೈಟಿನಲ್ಲಿ ಪ್ರತಿದಿನ ನಿಲ್ಲುವವರು ಮನೆಯಲ್ಲಿ ಒಬ್ಬರಿದ್ದರೆ ಆಗುತ್ತದೆ. ಇಲ್ಲದಿದ್ದರೆ ಉಳಿದದ್ದು ಪೋಲಿನಲ್ಲಿ ಹೋಗುತ್ತದೆ, ಏಕೆಂದರೆ ಸಾಮಾನು ತನ್ನದಲ್ಲ ಎಂದಾಗ ಮಿತವಾಗಿ ಬಳಸುವ ಕೆಲಸಗಾರರು ಅಪರೂಪ.

ತರಿಸುವುದಾದರೆ ಅಳೆದು ತೂಗಿ ತರಿಸಿ. ಕಂಬಿಯ ತೂಕಕ್ಕೆ ಸುಲಭ ಸೂತ್ರವಿದೆ: ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ. 12 ಮಿ.ಮೀ. ಕಂಬಿ ಮೀಟರಿಗೆ ಸುಮಾರು 0.89 ಕಿಲೋ, 12 ಮೀಟರ್ ಉದ್ದದ ಒಂದು ಕಂಬಿ ಸುಮಾರು 10.7 ಕಿಲೋ. ತೂಕ ಎದ್ದುಕಾಣುವಷ್ಟು ಕಡಿಮೆ ಬಂದರೆ ಕಂಬಿ ತೆಳುವಾಗಿದೆ ಎಂದರ್ಥ. ಮರಳು, ಜಲ್ಲಿಯನ್ನು ಲಾರಿಯಿಂದ ಇಳಿಸುವ ಮೊದಲೇ ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆಯಿರಿ. ನೆಲಕ್ಕೆ ಸುರಿದ ರಾಶಿಯನ್ನು ಅಳೆಯಲಾಗದು. ಸಿಮೆಂಟ್ ಒಂದು ತಿಂಗಳಿಗೆ ಬೇಕಾದಷ್ಟೇ ಸಾಕು. ಮೂರು ತಿಂಗಳು ಇಟ್ಟ ಸಿಮೆಂಟಿನ ಬಲ ಸಾಕಷ್ಟು ಇಳಿದಿರುತ್ತದೆ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರವಿಲ್ಲದಂತೆ ಜೋಡಿಸಿ.

ಪ್ರಶ್ನೆ: ಮುಂದಿನ ವಾರ ಮೋಲ್ಡ್. ನಮಗೆ ಕಟ್ಟಡದ ವಿಷಯ ಏನೂ ತಿಳಿಯದು. ಅಂದು ಏನು ನೋಡಬೇಕು?

ಉತ್ತರ: ನೋಡಬೇಕಾದ್ದು ಹೆಚ್ಚಾಗಿ ಹಿಂದಿನ ದಿನ. ಕಾಂಕ್ರೀಟ್ ಬಿದ್ದ ಮೇಲೆ ಕಂಬಿ ಕಾಣಿಸುವುದಿಲ್ಲ. ನಕ್ಷೆ ಮಾಡಿದ ಇಂಜಿನಿಯರ್ ಬಂದು ಕಂಬಿ ಕಟ್ಟಿದ್ದನ್ನು ಪರಿಶೀಲಿಸಿ ಸಹಿ ಮಾಡುವವರೆಗೆ ಕಾಂಕ್ರೀಟ್ ಕಲಸಲು ಬಿಡಬೇಡಿ.

ನೀವೇ ನೋಡಬಹುದಾದ್ದೂ ಇದೆ. ಸ್ಲ್ಯಾಬಿನ ಕಂಬಿಗೂ ಕಾಂಕ್ರೀಟನ್ನು ಗಟ್ಟಿಯಾಗುವವರೆಗೆ ಹೊರುವ ಸೆಂಟ್ರಿಂಗ್ ಹಲಗೆಗೂ ನಡುವೆ 20 ಮಿ.ಮೀ., ಬೀಮಿನಲ್ಲಿ 25 ಮಿ.ಮೀ. ಅಂತರ ಇರಲು ಕವರ್ ಬ್ಲಾಕ್ ಎಂಬ ಸಣ್ಣ ಬಿಲ್ಲೆಗಳನ್ನು ಇಟ್ಟಿರಬೇಕು. ಜಲ್ಲಿಕಲ್ಲು ಸಿಕ್ಕಿಸಿದರೆ ಜಾರಿಹೋಗಿ ಕಂಬಿ ಹಲಗೆಗೆ ತಾಗುತ್ತದೆ. ಕೆಲವು ವರ್ಷಗಳಲ್ಲಿ ತುಕ್ಕು ಹಿಡಿದು ಉಬ್ಬಿ ಚಾವಣಿಯ ಗಾರೆ ಉದುರುವುದು ಇದರಿಂದಲೇ. ಬಾಲ್ಕನಿ ಮತ್ತು ಸಜ್ಜಾ ಇನ್ನೂ ಮುಖ್ಯ. ಒಂದೇ ಕಡೆ ಆಧಾರವಿರುವ ಇಂಥ ಚಾಚುಗಳಲ್ಲಿ ಎಳೆತ ಇರುವುದು ಮೇಲ್ಭಾಗದಲ್ಲಿ, ಆದ್ದರಿಂದ ಮುಖ್ಯ ಕಂಬಿ ಮೇಲ್ಗಡೆ ಇರಬೇಕು. ಕೆಲಸಗಾರರು ಓಡಾಡಿ ಅದನ್ನು ಕೆಳಕ್ಕೆ ತುಳಿದುಬಿಟ್ಟರೆ ಕಂಬಿ ಇದ್ದೂ ಇಲ್ಲದಂತೆ. ಆಧಾರ ತೆಗೆದ ದಿನವೇ ಬಾಲ್ಕನಿ ಬಿದ್ದೀತು. ಮೇಲಿನ ಕಂಬಿಗೆ ಕೆಳಗಿನಿಂದ ಕಂಬಿಯದೇ ಕುರ್ಚಿ ಕಟ್ಟಿಸಿ, ಓಡಾಡಲು ಹಲಗೆ ಹಾಸಿಸಿ.

ಈಗ ಪ್ರಮಾಣ. 1,000 ಚದರಡಿಯ 5 ಇಂಚು ದಪ್ಪದ ಸ್ಲ್ಯಾಬಿಗೆ ಬೀಮು ಬಿಟ್ಟು ಸುಮಾರು 11.8 ಘನ ಮೀಟರ್ ಕಾಂಕ್ರೀಟ್ ಬೇಕು. 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣದಲ್ಲಿ ಘನ ಮೀಟರಿಗೆ 50 ಕಿಲೋದ ಸುಮಾರು 8 ಚೀಲ ಸಿಮೆಂಟ್, ಅಂದರೆ 95 ಚೀಲದ ಆಸುಪಾಸು. ಸಂಜೆ ಖಾಲಿ ಚೀಲ ಎಣಿಸಿ. 70 ಇದ್ದರೆ ಎಲ್ಲೋ ಮಿಶ್ರಣ ತೆಳುವಾಗಿದೆ.

ಬಾಂಡ್ಲಿ ಲೆಕ್ಕ ನಂಬಬೇಡಿ. ಒಂದು ಚೀಲ ಸಿಮೆಂಟಿನ ಗಾತ್ರ ಸುಮಾರು 35 ಲೀಟರ್. ಅಷ್ಟು ಹಿಡಿಯುವ ಅಳತೆ ಪೆಟ್ಟಿಗೆ ಮಾಡಿಸಿದರೆ ಚೀಲಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ 20 ಮಿ.ಮೀ. ಜಲ್ಲಿ. ಮರಳು ತೇವವಾಗಿದ್ದರೆ ಉಬ್ಬಿರುತ್ತದೆ. ಗಾಜಿನ ಲೋಟದಲ್ಲಿ 20 ಸೆಂ.ಮೀ. ಮರಳು ತುಂಬಿ ನೀರು ಹಾಕಿ ಕಲಕಿ ಬಿಡಿ. 16ಕ್ಕೆ ಇಳಿದರೆ ಉಬ್ಬು ಶೇ 25. ಆಗ ಒಂದೂವರೆ ಪೆಟ್ಟಿಗೆಯ ಬದಲು ಸುಮಾರು 1.9 ಪೆಟ್ಟಿಗೆ ಹಾಕಬೇಕು.

ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ನೀರಿನಲ್ಲಿ. ಚೀಲಕ್ಕೆ ಸುಮಾರು 25 ಲೀಟರ್, ಅದರಲ್ಲೂ ಒದ್ದೆ ಮರಳಿನಲ್ಲಿರುವ ನೀರು ಸೇರಿ. ಹರಡಲು ಸುಲಭವೆಂದು ಕೆಲಸಗಾರರು ಪೈಪು ಬಿಡುತ್ತಾರೆ. ಹೆಚ್ಚಾದ ನೀರು ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ, ಬಲ ಇಳಿಯುತ್ತದೆ, ಮಳೆಗೆ ಸೋರುತ್ತದೆ. ಅಂದು ನಿಮಗೆ ಒಂದೇ ಕೆಲಸ ಮಾಡಲು ಸಾಧ್ಯವಾದರೆ ಮಿಕ್ಸರ್ ಪಕ್ಕ ನಿಂತು ನೀರನ್ನು ಬಕೆಟಿನಲ್ಲಿ ಅಳೆಸಿ.

ಮರುದಿನದಿಂದ ತಾರಸಿಯ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕನಿಷ್ಠ 10 ದಿನ, ಬಿಸಿಲು ಜೋರಾಗಿದ್ದರೆ 14. ಸೆಂಟ್ರಿಂಗ್ ಬಾಡಿಗೆ ಉಳಿಸಲು ಆಧಾರ ಬೇಗ ತೆಗೆಯುವ ಒತ್ತಡ ಬರುತ್ತದೆ. ಗೋಡೆಯಿಂದ ಗೋಡೆಗೆ 4.5 ಮೀಟರ್ ಒಳಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14, ಬೀಮಿಗೆ 14, ಬೀಮು 6 ಮೀಟರ್ ದಾಟಿದರೆ 21. ಇವು ಸಾಧಾರಣ ಸಿಮೆಂಟಿಗೆ ಕನಿಷ್ಠ ದಿನಗಳು. ಹಾರುಬೂದಿ ಬೆರೆತ ಸಿಮೆಂಟ್ ಬಲ ಪಡೆಯುವುದು ನಿಧಾನ, ಇನ್ನಷ್ಟು ದಿನ ಕೊಡಿ.

ಪ್ರಶ್ನೆ: ಸ್ನಾನದ ಮನೆ ಸೋರದಂತೆ ಯಾವ ರಾಸಾಯನಿಕ ಒಳ್ಳೆಯದು?

ಉತ್ತರ: ರಾಸಾಯನಿಕಕ್ಕಿಂತ ಪರೀಕ್ಷೆ ಮುಖ್ಯ. ಪೈಪು ಕೂರಿಸಿ ಅದರ ಸುತ್ತ ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಿ, ಜಲನಿರೋಧಕ ಲೇಪನವನ್ನು ಗೋಡೆಯ ಮೇಲೆ ಒಂದಡಿ ಏರಿಸಿ, ಒಣಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಟೈಲ್ಸ್ ಅದಾದ ಮೇಲೆ. ಸೋರುವುದು ಬಹುಪಾಲು ಪೈಪು ಸ್ಲ್ಯಾಬನ್ನು ತೂರುವ ಜಾಗದಲ್ಲಿ.

ಪ್ರಶ್ನೆ: ಗಾರೆ ಹಂತಕ್ಕೆ ಬಂದಾಗ ಹಣ ಮುಗಿದಿದೆ. ಹೆಚ್ಚು ಬಡ್ಡಿಯ ವೈಯಕ್ತಿಕ ಸಾಲ ತೆಗೆಯುವುದೇ, ಕೆಲಸ ನಿಲ್ಲಿಸುವುದೇ?

ಉತ್ತರ: ಪೂರ್ತಿ ನಿಲ್ಲಿಸುವುದೂ ಬೇಡ, ಕಪಾಟಿಗೆ ಸಾಲ ಮಾಡುವುದೂ ಬೇಡ. ಮೊದಲು ಬ್ಯಾಂಕಿನಲ್ಲಿ ಅದೇ ಗೃಹಸಾಲವನ್ನು ಏರಿಸಲು ಕೇಳಿ, ಬಡ್ಡಿ ವೈಯಕ್ತಿಕ ಸಾಲಕ್ಕಿಂತ ಕಡಿಮೆ ಬೀಳುತ್ತದೆ. ಕೈಯಲ್ಲಿರುವ ಹಣವನ್ನು ಮಳೆ ನೀರು ತಡೆಯುವ ಕೆಲಸಕ್ಕೆ ಹಾಕಿ: ತಾರಸಿಯ ಇಳಿಜಾರು ಮತ್ತು ಜಲನಿರೋಧಕ, ಹೊರಗಿನ ಗಾರೆ, ಬಾಗಿಲು ಕಿಟಕಿ. ನಂತರ ಒಂದು ಸ್ನಾನದ ಮನೆ, ಅಡುಗೆಕಟ್ಟೆ, ವೈರಿಂಗ್. ಗೋಡೆಯೊಳಗಿನ ನೀರಿನ ಪೈಪುಗಳಿಗೆ ಒತ್ತಡ ಪರೀಕ್ಷೆ ಮಾಡಿಸದೆ ಗಾರೆ ಮುಚ್ಚಿಸಬೇಡಿ. ಆಮೇಲೆ ಒಡೆಯುವ ಖರ್ಚು ಪರೀಕ್ಷೆಯ ಹತ್ತಾರು ಪಟ್ಟು.

ಒಳಗೆ ಪುಟ್ಟಿ, ಬಣ್ಣ, ಫಾಲ್ಸ್ ಸೀಲಿಂಗ್, ವಾರ್ಡ್‌ರೋಬ್, ಎರಡನೇ ಸ್ನಾನದ ಮನೆಯ ಟೈಲ್ಸ್, ಗೇಟು ಎಲ್ಲವೂ ಕಾಯಬಲ್ಲವು. ವಾರ್ಡ್‌ರೋಬ್ ಬರುವ ಗೋಡೆಯಲ್ಲಿ ಪ್ಲಗ್ ಪಾಯಿಂಟ್‌ಗಳಿಗೆ ಪೈಪು ಮಾತ್ರ ಈಗಲೇ ಹಾಕಿಸಿಡಿ. ಮುಂದೆ ಮಹಡಿ ಏರಿಸಲೆಂದು ತಾರಸಿಯಲ್ಲಿ ಕಂಬಗಳ ಕಂಬಿ ಬಿಟ್ಟಿದ್ದರೆ ಅವಕ್ಕೆ ಸಿಮೆಂಟ್ ಹಾಲು ಬಳಿದು ಸಿಮೆಂಟ್ ಕಡಿಮೆ ಇರುವ ಬಡ ಕಾಂಕ್ರೀಟಿನಿಂದ ಮುಚ್ಚಿಸಿ, ಬೇಕಾದಾಗ ಒಡೆದರಾಯಿತು. ವಾಸಕ್ಕೆ ಹೋಗಬಹುದಾದ ಮಟ್ಟಕ್ಕೆ ಬಂದ ಕೂಡಲೇ ಸ್ಥಳೀಯ ಆಡಳಿತದ ಅನುಮತಿ ಪಡೆದು ಹೋಗಿಬಿಡಿ. ಅಲ್ಲಿಂದಾಚೆ ಉಳಿಯುವ ಬಾಡಿಗೆಯೇ ಪ್ರತಿ ತಿಂಗಳೂ ಬಾಕಿ ಕೆಲಸಕ್ಕೆ ಸಿಗುತ್ತದೆ.