ಗ್ಯಾಸ್ ಫ್ಯಾಕ್ಟರಿಯ ಪಾರ್ಕು, ಪೀಣ್ಯದ ಖಾಲಿ ಸೈಟು

ಪ್ರಶ್ನೆ: ಇಲ್ಲಿನ ಗ್ಯಾಸ್ ವರ್ಕ್ಸ್ ಪಾರ್ಕ್‌ನ ಗುಡ್ಡದ ಮೇಲೆ ಮಕ್ಕಳು ಗಾಳಿಪಟ ಹಾರಿಸುತ್ತಾರೆ. ಪಕ್ಕದ ಲೇಕ್ ಯೂನಿಯನ್‌ಗೆ ಮಾತ್ರ ಇಳಿಯಬಾರದಂತೆ. ನೆಲ ಶುದ್ಧವಾಗಿದ್ದರೆ ನೀರಿಗೇಕೆ ತಡೆ?
– ಓದುಗರೊಬ್ಬರು, ಸಿಯಾಟಲ್

ಉತ್ತರ: ನೆಲವೂ ಪೂರ್ತಿ ಶುದ್ಧವಾಗಿಲ್ಲ, ಮೇಲೆ ಒಳ್ಳೆಯ ಮಣ್ಣು ಹೊದಿಸಿದ್ದಾರೆ. 1906ರಿಂದ 1956ರವರೆಗೆ ಅಲ್ಲಿ ಮೊದಲು ಕಲ್ಲಿದ್ದಲಿನಿಂದ, ಆಮೇಲೆ ಎಣ್ಣೆಯಿಂದ ಗ್ಯಾಸ್ ತೆಗೆಯುತ್ತಿದ್ದರು. ಉಳಿದ ಟಾರು ನೆಲಕ್ಕೂ ಸರೋವರದ ತಳಕ್ಕೂ ಇಳಿಯಿತು. 1962ರಲ್ಲಿ ನಗರಾಡಳಿತ ಜಾಗ ಕೊಂಡಿತು. ವಿನ್ಯಾಸಕಾರ ರಿಚರ್ಡ್ ಹಾಗ್ ಮಣ್ಣನ್ನೆಲ್ಲ ಅಗೆದು ಸಾಗಿಸಲು ಹೋಗದೆ, ಅದಕ್ಕೆ ಕೊಳಚೆ ಶುದ್ಧೀಕರಣದ ಕೆಸರು, ಮರದ ಹೊಟ್ಟು ಸೇರಿಸಿ ಉಳುಮೆ ಮಾಡಿಸಿದರು. ನಮ್ಮ ತಿಪ್ಪೆಯ ಲೆಕ್ಕವೇ: ಗಾಳಿ, ಸಾರಜನಕ ಸಿಕ್ಕರೆ ಸೂಕ್ಷ್ಮಜೀವಿಗಳು ಎಣ್ಣೆಯಂಶವನ್ನೂ ತಿಂದುಹಾಕುತ್ತವೆ. ಕಟ್ಟಡದ ಅವಶೇಷ, ಕೆಟ್ಟ ಮಣ್ಣು ರಾಶಿ ಹಾಕಿ ಮುಚ್ಚಿದ್ದೇ ನೀವು ಹೇಳುವ ಗಾಳಿಪಟದ ಗುಡ್ಡ. ಪಾರ್ಕ್ ತೆರೆದದ್ದು 1975ರಲ್ಲಿ.

ಬೆಂಜೀನ್‌ನಂಥ ಹಗುರ ಪದಾರ್ಥ ಸೂಕ್ಷ್ಮಜೀವಿಗೆ ಸುಲಭದ ತುತ್ತು. ಟಾರಿನಲ್ಲಿರುವ ಭಾರದ ಪಿಎಎಚ್‌ಗಳು (ಇಂಗಾಲದ ಹಲವು ಉಂಗುರಗಳು ಬೆಸೆದುಕೊಂಡ ರಾಸಾಯನಿಕಗಳು) ಅಷ್ಟು ಬೇಗ ಜಗ್ಗುವುದಿಲ್ಲ, ಉಳುಮೆ ತಲುಪದ ಆಳದಲ್ಲಿ ಗಾಳಿಯೂ ಇಲ್ಲ. 1984ರ ಪರೀಕ್ಷೆಯ ನಂತರ ಪಾರ್ಕನ್ನು ಕೆಲವು ತಿಂಗಳು ಮುಚ್ಚಿ ಮತ್ತೆ ಮಣ್ಣು ಹೊದಿಸಬೇಕಾಯಿತು. ಆಮೇಲೆ ಆಗ್ನೇಯ ಭಾಗದಲ್ಲಿ ಅಂತರ್ಜಲಕ್ಕೆ ಕೊಳವೆಯಿಂದ ಗಾಳಿ ಊದಿ, ಮೇಲೇಳುವ ಬೆಂಜೀನ್ ಆವಿಯನ್ನು ಹೀರಿ ತೆಗೆದರು. ಸರೋವರದ ಹೂಳಿಗೆ ಇದ್ಯಾವುದೂ ಮುಟ್ಟಲಿಲ್ಲ. ಕಾಲಿಟ್ಟರೆ ಕದಡುತ್ತದೆ, ಅದಕ್ಕೇ ತಡೆ. ಹುಲ್ಲಿನ ಮೇಲೆ ಆಡಲಿ, ನೆಲ ಕೆದಕುವುದು ಬೇಡ. ಕಪ್ಪಗೆ ಟಾರು ಜಿನುಗಿದ್ದು ಕಂಡರೆ ಮುಟ್ಟದೆ ಸಿಬ್ಬಂದಿಗೆ ತಿಳಿಸಿ.

ಪ್ರಶ್ನೆ: ನಮ್ಮ ಬಡಾವಣೆ ಪಕ್ಕ ಮುಚ್ಚಿಹೋದ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿನ ಜಾಗ ಖಾಲಿ ಬಿದ್ದಿದೆ. ಗೊಬ್ಬರ ಹಾಕಿ, ಗಿಡ ನೆಟ್ಟು ಮಕ್ಕಳ ಪಾರ್ಕ್ ಮಾಡೋಣ ಎಂದು ಸಂಘದವರು ಹೊರಟಿದ್ದಾರೆ. ಆಗುತ್ತದೆಯೇ?
– ಓದುಗರೊಬ್ಬರು, ಪೀಣ್ಯ

ಉತ್ತರ: ಗೊಬ್ಬರದಿಂದ ಆಗದು. ಟಾರನ್ನು ಜೀವಿ ತಿನ್ನಬಹುದು. ವಿದ್ಯುತ್ತಿನಿಂದ ಲೋಹದ ಲೇಪ ಕೊಡುವ ಇಂಥ ಶೆಡ್ಡಿನಲ್ಲಿ ಉಳಿಯುವ ಕ್ರೋಮಿಯಂ ಲೋಹ, ಅದರ ರೂಪ ಬದಲಿಸಬಹುದೇ ಹೊರತು ಇಲ್ಲವಾಗಿಸಲಾಗದು. ಹೆಕ್ಸಾವೇಲೆಂಟ್ ರೂಪದ್ದು ನೀರಲ್ಲಿ ಕರಗಿ ಬೋರ್‌ವೆಲ್‌ವರೆಗೂ ಹರಿಯುತ್ತದೆ, ಟ್ರೈವೇಲೆಂಟ್ ಬಹುಮಟ್ಟಿಗೆ ಮಣ್ಣಲ್ಲೇ ಕೂರುತ್ತದೆ. ಕುಡಿಯುವ ನೀರಿಗೆ ಒಟ್ಟು ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿಲಿಗ್ರಾಂ.

ಮೊದಲು ತೊಟ್ಟಿಗಳು ಎಲ್ಲಿದ್ದವು, ತೊಳೆದ ನೀರು ಯಾವ ಕಡೆ ಹೋಗುತ್ತಿತ್ತು ಎಂದು ಹಳೇ ಕೆಲಸಗಾರರನ್ನು ಕೇಳಿ. ಗೋಡೆಯ ಬುಡದಲ್ಲಿ, ಸಿಮೆಂಟ್ ಬಿರುಕಲ್ಲಿ ಹಳದಿ ಉಪ್ಪು ಕಟ್ಟಿದ್ದರೆ ಅಲ್ಲೇ ಅನುಮಾನ ಪಡಿ, ಬರಿಗೈಯಲ್ಲಿ ಮುಟ್ಟಬೇಡಿ. ಅಂಥ ಕಡೆ 15 ಸೆಂ.ಮೀ., ಅರ್ಧ ಮೀಟರ್, ಒಂದು ಮೀಟರ್ ಆಳದ ಮಣ್ಣನ್ನು ಬೇರೆ ಬೇರೆಯಾಗಿ ಲ್ಯಾಬಿಗೆ ಕೊಡಿಸಬೇಕು. ಫೀಸು ಉಳಿಸಲು ನಾಲ್ಕೂ ಮೂಲೆಯ ಮಣ್ಣು ಬೆರೆಸುವ ಚಾಳಿಯಿದೆ. ಹಾಗೆ ಮಾಡಿದರೆ ವಿಷದ ಮಡು ಸರಾಸರಿಯಲ್ಲಿ ಕರಗಿಹೋಗುತ್ತದೆ. ಒಟ್ಟು ಕ್ರೋಮಿಯಂ, ಹೆಕ್ಸಾವೇಲೆಂಟ್, ನಿಕಲ್, ಸಯನೈಡ್ ನಾಲ್ಕನ್ನೂ ಕೇಳಿ.

ತೀರಾ ಕೆಟ್ಟ ಮಣ್ಣು, ಕಾಂಕ್ರೀಟು ಫಾರಂ 10ರ (ಅಪಾಯಕಾರಿ ತ್ಯಾಜ್ಯದ ಸಾಗಣೆ ಪತ್ರ) ಸಮೇತ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಹೋಗಬೇಕು. ಉಳಿದದ್ದಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಇದು ಹೆಕ್ಸಾವೇಲೆಂಟನ್ನು ಟ್ರೈವೇಲೆಂಟ್ ಆಗಿಸುತ್ತದೆ. ಒಂದು ಗ್ರಾಂ ಹೆಕ್ಸಾವೇಲೆಂಟ್‌ಗೆ ಲೆಕ್ಕದ ಪ್ರಕಾರ 16 ಗ್ರಾಂ ಸಾಕು. ನೆಲದಲ್ಲಿ ಹಲವು ಪಟ್ಟು ಬೇಕಾಗುತ್ತದೆ, ಏಕೆಂದರೆ ಗಾಳಿಯೇ ಒಂದಷ್ಟನ್ನು ಕೆಡಿಸುತ್ತದೆ. ಹರಳು ತಿಳಿಹಸಿರಾಗಿರಬೇಕು, ತುಕ್ಕಿನ ಬಣ್ಣಕ್ಕೆ ತಿರುಗಿದ ಚೀಲ ದಂಡ. ಬಕೆಟ್ಟಿನಲ್ಲಿ ಐದು ಕೆಜಿ ಮಣ್ಣಿನ ಮೇಲೆ ಪ್ರಯೋಗಿಸಿ, ಮರುಪರೀಕ್ಷೆ ಮಾಡಿಸಿಯೇ ಇಡೀ ಸೈಟಿಗೆ ಇಳಿಯುವುದು. ಸಯನೈಡ್ ಸಿಕ್ಕಿದ್ದರೆ ಅದನ್ನು ಮೊದಲು ನಿವಾರಿಸಬೇಕು, ಅನ್ನಭೇದಿಯ ದ್ರಾವಣ ಹುಳಿ, ವಿಷಾನಿಲ ಏಳುತ್ತದೆ. ಬ್ಲೀಚಿಂಗ್ ಪುಡಿ ಚೆಲ್ಲಬೇಡಿ, ಟ್ರೈವೇಲೆಂಟ್ ಮತ್ತೆ ಹೆಕ್ಸಾವೇಲೆಂಟ್ ಆಗಬಹುದು. ಒಣಗಿದ ಮಣ್ಣು ಗುಡಿಸಬೇಡಿ, ಆ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದು. ಪೈಪು ಹಿಡಿದು ತೊಳೆದರೆ ವಿಷ ಆಳಕ್ಕಿಳಿಯುತ್ತದೆ. ಕೊನೆಗೆ ಕಿತ್ತಳೆ ಬಣ್ಣದ ಜಿಯೋಟೆಕ್ಸ್‌ಟೈಲ್ (ನೆಲದೊಳಗೆ ಹಾಸುವ ಗಟ್ಟಿ ಬಟ್ಟೆ) ಹಾಸಿ 60 ಸೆಂ.ಮೀ. ಒಳ್ಳೆಯ ಮಣ್ಣು. ಮುಂದೆ ಯಾರಾದರೂ ಅಗೆದರೆ ಆ ಬಣ್ಣವೇ ಎಚ್ಚರಿಕೆ. ಹುಲ್ಲು, ಪೊದೆ ಸರಿ. ಬೇವು, ಹೊಂಗೆ ಬೇಡ, ಬೇರು ಹಾಸು ಸೀಳುತ್ತದೆ.

ಇದು ಭಾನುವಾರದ ಶ್ರಮದಾನದ ಕೆಲಸವಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಉಸ್ತುವಾರಿಯಲ್ಲಿ ಬಲ್ಲವರೇ ಮಾಡಬೇಕು. ಕೇಂದ್ರದ 2025ರ ನಿಯಮಗಳಂತೆ ಶಂಕಿತ ಜಾಗ ಗುರುತಿಸುವುದು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ. ಆಮೇಲೆ ಮಂಡಳಿಯ ಪ್ರಾಥಮಿಕ ಪರಿಶೀಲನೆಗೆ 90 ದಿನ. ಪಾಲಿಕೆಗೆ ಅರ್ಜಿ ಕೊಡುವಾಗ ಹಳೇ ಶೆಡ್ಡಿನ ಲೈಸೆನ್ಸ್, ಕರೆಂಟ್ ಬಿಲ್ಲು ಏನು ಸಿಕ್ಕರೂ ಲಗತ್ತಿಸಿ. ಮಲಿನ ಮಾಡಿದವರಿಂದಲೇ ಖರ್ಚು ವಸೂಲಿ ಮಾಡಲು ಆ ಕಾಗದ ಬೇಕಾಗುತ್ತದೆ.