ಮಕ್ಕಳು ಬರುವ ಥೀಮ್ ಪಾರ್ಕಿನಲ್ಲಿ ಬಿಯರ್ ಮಾರಿದರೆ ತಪ್ಪೇನು?

ಥೀಮ್ ಪಾರ್ಕಿಗೆ ಹೆಸರಾದ ಅಮೆರಿಕದ ಡಿಸ್ನಿಯವರೇ ಮಾರುತ್ತಾರಲ್ಲ ಅಂತ ಕೆಲವರು ಕೇಳುತ್ತಾರೆ. ಮಾರುತ್ತಾರೆ, ಆದರೆ ಎಷ್ಟು ಹಿಂದೆಮುಂದೆ ನೋಡಿ ಶುರು ಮಾಡಿದರು ಗೊತ್ತಾ? ಫ್ಲೋರಿಡಾದಲ್ಲಿ ಅವರ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್ ತೆರೆದಿದ್ದು 1971ರಲ್ಲಿ. ಅಲ್ಲಿ ವೈನು, ಬಿಯರು ಬಂದಿದ್ದು 2012ರಲ್ಲಿ. ಅದೂ ಒಂದೇ ಹೋಟೆಲಿನಲ್ಲಿ, ರಾತ್ರಿ ಊಟದ ಜೊತೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರದು. ಸಾಮಾನ್ಯ ಜನರಿಗೆ ಅಲ್ಲಿ ಗ್ಲಾಸು ಸಿಕ್ಕಿದ್ದು 2019ರಲ್ಲಿ. ಅದಕ್ಕೆ ಮೊದಲು ಸದಸ್ಯರ ಕ್ಲಬ್ಬಿನಲ್ಲಿ ಮಾತ್ರ ಇತ್ತು. ದುಡ್ಡಿದ್ದವರ ಕತೆ ಎಲ್ಲ ಕಡೆ ಒಂದೇ ಅಲ್ವಾ! ಪ್ಯಾರಿಸ್‌ ಪಾರ್ಕನ್ನು ಮಾತ್ರ 1992ರಲ್ಲಿ ವೈನಿಲ್ಲದೆ ತೆರೆದು, ಮರುವರ್ಷವೇ ಸೋತು ವೈನು ಕೊಡೋಕೆ ಶುರು ಮಾಡಿದರು. ಊಟಕ್ಕೆ ವೈನಿಲ್ಲ ಅಂದರೆ ಫ್ರೆಂಚರು ಕೇಳ್ತಾರಾ?

ನಮ್ಮ ಕಲಬುರಗಿಗಂತೂ ನಾನು ಬೇಡ ಅಂತೀನಿ. ಒಮ್ಮೆ ಶರಣಬಸವೇಶ್ವರ ಜಾತ್ರೆಯಲ್ಲಿ ಅಣ್ಣನ ಮಗಳನ್ನು ತಿರುಗೋ ತೊಟ್ಟಿಲಿಗೆ ಹತ್ತಿಸಿದ್ದೆ. ಮುಂದಿನ ತೊಟ್ಟಿಲಲ್ಲಿದ್ದವನು ಕುಡಿದು ಬಂದಿದ್ದ. ಮೇಲೆ ಹೋದಾಗ ಎದ್ದು ನಿಂತುಬಿಟ್ಟ. "ಕಾಕಾ, ಕೆಳಗ ಹೋಗೂಣು" ಅಂತ ಹುಡುಗಿ ನನ್ನ ಅಂಗಿ ಬಿಗಿಯಾಗಿ ಹಿಡಿದಳು. ಇಳಿದ ಮೇಲೆ ಮಿರ್ಚಿ ಭಜಿ ಕೊಡಿಸಿದರೂ ಮುಟ್ಟಲಿಲ್ಲ.

ಇನ್ನು ಬಿಸಿಲು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ಇದು. ಬಿಯರ್ ತಂಪು ಅನಿಸುತ್ತದೆ, ಆದರೆ ಮೈಯಲ್ಲಿರೋ ನೀರನ್ನೇ ಕಳೆಯುತ್ತದೆ. ಸಂಜೆ ಮನೆಗೆ ಹೋಗುವುದು ಹೇಗೆ? ಇಲ್ಲಿ ಮೆಟ್ರೋ ಇಲ್ಲ. ಬೈಕಿನ ಟ್ಯಾಂಕ್ ಮೇಲೆ ಒಂದು ಮಗು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು. ಎದುರಿಗೆ ಸೇಡಂ ರೋಡಿನ ಸಿಮೆಂಟ್ ಲಾರಿಗಳು.