ಲಾಭ ಕೇಳುವುದು ರೈಲನ್ನು ಮಾತ್ರವೇ?

ಓದುಗರ ಪತ್ರ: ಅಮೆರಿಕದ ಪ್ಯಾಸೆಂಜರ್ ರೈಲುಗಳ ಪರವಾಗಿ ನೀವು ಬರೆದದ್ದು ಬರೀ ಭಾವುಕತೆ. ಅವುಗಳನ್ನು ಓಡಿಸುವ ಆಮ್‌ಟ್ರ್ಯಾಕ್ ಕಂಪನಿ ಸರ್ಕಾರ ಸಾಕುತ್ತಿರುವ ಬಿಳಿಯಾನೆ. ಓಡುವುದು ನಿಧಾನ, ವೇಗ ಹೆಚ್ಚಿಸಿದರೆ 2017ರ ಹಾಗೆ ಹೆದ್ದಾರಿಯ ಮೇಲೇ ಬಂದು ಬೀಳುತ್ತದೆ. ಹೆದ್ದಾರಿಯಾದರೋ ಪೆಟ್ರೋಲ್ ತೆರಿಗೆಯಲ್ಲಿ ತನ್ನ ಅನ್ನ ತಾನೇ ದುಡಿದುಕೊಳ್ಳುತ್ತದೆ.

ಉತ್ತರ: ಬೈದರೂ ಚೆನ್ನಾಗಿ ಬೈದಿದ್ದೀರಿ, ಸಂತೋಷ. 1971ರಲ್ಲಿ ಓಡಾಟ ಶುರುಮಾಡಿದ ಆಮ್‌ಟ್ರ್ಯಾಕ್ ಒಂದು ವರ್ಷವೂ ಲಾಭ ಕಂಡಿಲ್ಲ, ಒಪ್ಪಿದೆ.

ಆದರೆ ಆ ಕೊನೆಯ ಸಾಲು ಬರೆಯುವಾಗ ಲೆಕ್ಕದ ಪುಸ್ತಕ ತೆರೆದು ನೋಡಬಾರದಿತ್ತೇ? ಅಮೆರಿಕದಲ್ಲಿ ಗ್ಯಾಲನ್ ಪೆಟ್ರೋಲಿಗೆ ಕೇಂದ್ರದ ತೆರಿಗೆ 18.4 ಸೆಂಟ್. 1993ರಿಂದ ಅದು ಅಲ್ಲೇ ನಿಂತಿದೆ. ಬೆಲೆಗಳೆಲ್ಲ ಏರಿದವು, ಆ ತೆರಿಗೆ ಸೇರುವ ಹೆದ್ದಾರಿ ನಿಧಿ ಬರಿದಾಯಿತು. 2008ರಿಂದೀಚೆಗೆ ಸಾಮಾನ್ಯ ಖಜಾನೆಯಿಂದ ಅದಕ್ಕೆ ಸುರಿದದ್ದು 25,000 ಕೋಟಿ ಡಾಲರಿಗೂ ಹೆಚ್ಚು. ಕಾರೇ ಇಲ್ಲದವನ ತೆರಿಗೆಯೂ ಅದರಲ್ಲಿದೆ. ಇದನ್ನು ಯಾರೂ ನಷ್ಟ ಎನ್ನುವುದಿಲ್ಲ, ಅಭಿವೃದ್ಧಿ ಎನ್ನುತ್ತಾರೆ.

ಇನ್ನು ನಿಧಾನದ ಮಾತು. 1946ರ ಏಪ್ರಿಲ್‌ನಲ್ಲಿ ಶಿಕಾಗೊ ಬಿಟ್ಟ ಎರಡು ರೈಲುಗಳು ಒಂದೇ ಹಳಿಯಲ್ಲಿ ಎರಡು ಮೂರು ನಿಮಿಷದ ಅಂತರದಲ್ಲಿ ಓಡುತ್ತಿದ್ದವು. ಮುಂದಿನ ರೈಲಿನ ಅಡಿಯಿಂದ ಏನೋ ಹಾರಿಬಿದ್ದಂತೆ ಕಂಡಿತೆಂದು ಅದನ್ನು ನೇಪರ್‌ವಿಲ್‌ನಲ್ಲಿ ನಿಲ್ಲಿಸಿದರು. ಹಿಂದಿನದಕ್ಕೆ ಎಚ್ಚರಿಸಲು ಸಿಬ್ಬಂದಿಯೊಬ್ಬ ಹಳಿಗೆ ಇಳಿದ. ಅಷ್ಟರಲ್ಲೇ ಅದು ಬಂದು ನುಗ್ಗಿತು, ನಲವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಆದೇಶ ಬಂತು: ಗಂಟೆಗೆ 80 ಮೈಲಿ ಮುಟ್ಟಬೇಕಾದರೆ ಎಂಜಿನ್ನಿನೊಳಗೇ ಸಿಗ್ನಲ್ ಕಾಣಬೇಕು, ಇಲ್ಲವೇ ರೈಲು ತಾನಾಗಿ ನಿಲ್ಲುವ ಏರ್ಪಾಡಿರಬೇಕು. ಬಹುಪಾಲು ಕಂಪನಿಗಳು ಆ ಖರ್ಚಿನ ಉಸಾಬರಿಯೇ ಬೇಡವೆಂದು 79ಕ್ಕೆ ನಿಂತವು. ಜಪಾನಿನ ಬುಲೆಟ್ ರೈಲು ಶಿಂಕಾನ್ಸೆನ್ 1964ರಲ್ಲೇ ಗಂಟೆಗೆ 210 ಕಿಲೋಮೀಟರ್ ಮುಟ್ಟಿತ್ತು. ಅಮೆರಿಕದ ಎಷ್ಟೋ ಹಳಿಗಳಲ್ಲಿ ಇವತ್ತಿಗೂ 79 ಮೈಲಿಯೇ, ಅಂದರೆ 127 ಕಿಲೋಮೀಟರ್. ದುಡ್ಡು ಕೊಡದೆ ಕೈಕಾಲು ಕಟ್ಟಿಹಾಕಿ, ಓಡುತ್ತಿಲ್ಲವೆಂದು ಮೂದಲಿಸುವುದು ಯಾವ ನ್ಯಾಯ?

2017ರ ದುರಂತ ನಿಜ. ವಾಷಿಂಗ್ಟನ್ ರಾಜ್ಯದ ಡುಪಾಂಟ್ ಬಳಿ, 30 ಮೈಲಿ ಮಿತಿಯ ತಿರುವಿಗೆ 78ರಲ್ಲಿ ನುಗ್ಗಿದ ರೈಲು ಹೆದ್ದಾರಿಗೆ ಉರುಳಿ ಮೂವರು ಸತ್ತರು. ಅತಿವೇಗವನ್ನು ತಾನೇ ತಡೆಯುವ ಸ್ವಯಂಚಾಲಿತ ನಿಯಂತ್ರಣ ಬೇಕೆಂದು 2008ರಲ್ಲೇ ಕಾನೂನಾಗಿತ್ತು. ಗಡುವು 2015ಕ್ಕಿತ್ತು, ಮುಂದೂಡಿದರು. ಆ ತಿರುವಿನಲ್ಲಿ ಅದಿನ್ನೂ ಚಾಲೂ ಆಗಿರಲಿಲ್ಲ. ದೇಶದ ಹಳಿಗಳಲ್ಲಿ ಆ ಕೆಲಸ ಮುಗಿದದ್ದು 2020ರ ಕೊನೆಗೆ. ಅದೇ 2017ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು 37,000ಕ್ಕೂ ಹೆಚ್ಚು. ರೈಲು ಉರುಳಿದರೆ ವರ್ಷಗಟ್ಟಲೆ ತನಿಖೆ. ರಸ್ತೆಯ ಸಾವಿಗೆ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು, ನಾವು ಪತ್ರಿಕೆಯವರೂ ಅದರಲ್ಲಿ ಪಾಲುದಾರರೇ.

ಸಾರ್ವಜನಿಕವಾದದ್ದನ್ನೆಲ್ಲ ಹೀಗೇ ಕಟಕಟೆಯಲ್ಲಿ ನಿಲ್ಲಿಸುವ ಚಾಳಿ ನಮಗೆ ಅಂಟಿಬಿಟ್ಟಿದೆ. ಗ್ರಂಥಾಲಯ ಎಷ್ಟು ಗಳಿಸಿತು, ಅಂಚೆ ಎಷ್ಟು ಕಳೆಯಿತು ಎಂದು ಕೇಳುವವರು ಮೇಲ್ಸೇತುವೆಯ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ನಿಮ್ಮ ಬರಹ ಮೊನಚಾಗಿದೆ, ಅದಕ್ಕೇ ಕೇಳುತ್ತಿದ್ದೇನೆ: ಹೆದ್ದಾರಿಯ ಲಾಭನಷ್ಟದ ಪಟ್ಟಿಯನ್ನೂ ಒಮ್ಮೆ ಬರೆದು ಕಳಿಸಿ. ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.